ಸೀತಾಲಕ್ಷ್ಮಿ ಟೀಚರ್ ಜಯನಗರಕ್ಕೆ ತಂದ ರೋಮಿನ ಹಬ್ಬ

ಸಾವಿರದ ಒಂಬೈನೂರ ಐವತ್ತಾರರ ಸೆಪ್ಟೆಂಬರಿನಲ್ಲಿ, ಜಯನಗರದ ಹೆಣ್ಣುಮಕ್ಕಳ ಮಿಡ್ಲ್ ಸ್ಕೂಲಿನ ಚರಿತ್ರೆ ಟೀಚರ್ ಸೀತಾಲಕ್ಷ್ಮಿಯವರಿಗೆ ಒಂದು ವಿಚಿತ್ರ ತಾಪತ್ರಯ ಬಂತು. ಅವರ ಪಾಲಿಗೆ ಒಬ್ಬ ರಾಜನೂ ಉಳಿದಿರಲಿಲ್ಲ.

ನವೆಂಬರ್ ಒಂದಕ್ಕೆ ಕನ್ನಡ ಮಾತಾಡುವ ಸೀಮೆಗಳೆಲ್ಲ ಸೇರಿ ಒಂದೇ ರಾಜ್ಯವಾಗುವುದಿತ್ತು. ಬೆಂಗಳೂರಿನ ಬಡಾವಣೆಗಳೆಲ್ಲ ಉತ್ಸವ ಸಮಿತಿ ಕಟ್ಟಿಕೊಂಡು ಓಡಾಡುತ್ತಿದ್ದವು. ಒಂದೊಂದು ಶಾಲೆಯೂ ಚರಿತ್ರೆಯಿಂದ ಒಂದು ಪ್ರಸಂಗ ಆರಿಸಿಕೊಂಡು ಆಡಿ ತೋರಿಸಬೇಕೆಂದು ತೀರ್ಮಾನವಾಗಿತ್ತು. ಪುಲಿಕೇಶಿಯನ್ನು ಬಸವನಗುಡಿಯವರು ಮೊದಲೇ ಹಿಡಿದುಕೊಂಡಿದ್ದರು. ಕೃಷ್ಣದೇವರಾಯ ಚಾಮರಾಜಪೇಟೆಯ ಪಾಲಾಗಿದ್ದ. ಹುಲಿ ಕೊಲ್ಲುವ ಹೊಯ್ಸಳನಿಗೆ ಇನ್ನೊಂದು ಶಾಲೆಯವರು ಆಗಲೇ ಹುಲಿಯ ಚರ್ಮ ಹೊಲಿಸಿಬಿಟ್ಟಿದ್ದರು. ಕಿತ್ತೂರಿನ ರಾಣಿಗಾಗಿ ಎರಡು ಶಾಲೆಗಳ ಹೆಡ್‌ಮಿಸ್ಟ್ರೆಸ್‌ಗಳು ಮಾತು ಬಿಟ್ಟಿದ್ದರು.

"ನಮಗೆ ಏನೂ ಇಲ್ವಾ ಟೀಚರ್?" ಎಂದು ಏಳನೆಯ ಕ್ಲಾಸಿನ ಹುಡುಗಿಯರು ಮುಖ ಸಪ್ಪೆ ಮಾಡಿಕೊಂಡು ಕೇಳಿದರು.

"ಇರ್ರೇ, ಹುಡುಕ್ತೀನಿ" ಎಂದರು ಸೀತಾಲಕ್ಷ್ಮಿ.

ಅವರಿಗೆ ಆಗ ನಲವತ್ತೊಂದು ವರ್ಷ. ಹುಟ್ಟಿ ಬೆಳೆದದ್ದು ಬಸವನಗುಡಿ. ಹದಿನೇಳಕ್ಕೆ ಮದುವೆ, ಇಪ್ಪತ್ತೆರಡಕ್ಕೆ ಗಂಡ ವಿಷಮಶೀತಜ್ವರದಲ್ಲಿ ತೀರಿಕೊಂಡರು. ಮಕ್ಕಳಿರಲಿಲ್ಲ. ತಮ್ಮ ಅನಂತಪದ್ಮನಾಭ ಅಕ್ಕನನ್ನು ತಿರುಗಿ ಕರೆದುಕೊಂಡು ಬಂದು, ಮನೆಯ ಹಿರಿಯರ ಗೊಣಗಾಟಕ್ಕೆ ಕಿವಿಗೊಡದೆ ಕಾಲೇಜಿಗೆ ಸೇರಿಸಿದ. ಅವನಿಗೆ ಬ್ಯಾಂಕಿನಲ್ಲಿ ಕೆಲಸ. ಜಯನಗರದ ಮೂರನೆಯ ಬ್ಲಾಕಿನಲ್ಲಿ ಸೈಟು ಸಿಕ್ಕಿ ಮನೆ ಕಟ್ಟಿದಾಗ ಅಕ್ಕನೂ ಜೊತೆಗೇ ಬಂದರು. ಆಗ ಅಲ್ಲಿ ಹತ್ತು ಮನೆಗೆ ಇಪ್ಪತ್ತು ಖಾಲಿ ಸೈಟು. ಸಂಜೆ ಹೊತ್ತು ಕೆರೆ ಕಡೆಯಿಂದ ಎಮ್ಮೆಗಳು ಬಂದು ಹೊಸ ರಸ್ತೆಯ ನಡುವೆ ಆರಾಮಾಗಿ ಮಲಗುತ್ತಿದ್ದವು.

ಪಾಠ ಮಾಡುವಾಗ ಸೀತಾಲಕ್ಷ್ಮಿಯವರ ಗಲಾಟೆ ಪಕ್ಕದ ಕ್ಲಾಸಿಗೂ ಕೇಳುತ್ತಿತ್ತು. ಔರಂಗಜೇಬನಾಗಿ ಗದರಿಸುವರು, ಶಿವಾಜಿಯಾಗಿ ಮೇಜಿನ ಹಿಂದೆ ಬಗ್ಗಿ ತಪ್ಪಿಸಿಕೊಳ್ಳುವರು. ಆದರೆ ಯಾರ ಮನೆಯಲ್ಲಾದರೂ ಅರಿಶಿನ ಕುಂಕುಮ, ಸೀಮಂತ, ನಾಮಕರಣ ಎಂದು ಹೆಂಗಸರು ಸೇರಿದರೆ, "ನಾನು ಕಾಫಿ ನೋಡ್ಕೋತೀನಿ" ಎಂದು ಸೀದಾ ಅಡುಗೆಮನೆಗೆ ಹೋಗಿಬಿಡುತ್ತಿದ್ದರು. ಯಾರೂ ಹೋಗು ಎನ್ನುತ್ತಿರಲಿಲ್ಲ, ಯಾರೂ ಬೇಡ ಎಂದು ತಡೆಯುತ್ತಲೂ ಇರಲಿಲ್ಲ. ಅವರ ಸೀರೆಗಳೆಲ್ಲ ಬೂದಿ ಬಣ್ಣದವು, ಅಂಚು ಇಲ್ಲದವು. ಹತ್ತೊಂಬತ್ತು ವರ್ಷದಿಂದ ಹಾಗೆಯೇ.

ಶಾಲೆಯ ಬೀರುವಿನಲ್ಲಿ, ದಂಡು ಪ್ರದೇಶದಿಂದ ಇಂಗ್ಲೆಂಡಿಗೆ ಹೊರಟುಹೋದ ಪಾದ್ರಿಯೊಬ್ಬರು ಬಿಟ್ಟುಹೋಗಿದ್ದ ಒಂದಷ್ಟು ದಪ್ಪ ಪುಸ್ತಕಗಳಿದ್ದವು. ಸೀತಾಲಕ್ಷ್ಮಿ ಅವುಗಳಲ್ಲಿ ರೋಮಿನ ಇತಿಹಾಸವನ್ನು ಮನೆಗೆ ತಂದು, ಊಟವಾದ ಮೇಲೆ ಜಗುಲಿಯಲ್ಲಿ ಕೂತು ತಿರುವಿಹಾಕಿದರು. ಹೊಸ ಕಾಲ ಶುರುವಾಯಿತು ಅಂತ ಒಂದು ಊರು ಊರೇ ಸೇರಿ ಹಬ್ಬ ಮಾಡಿದ್ದು ಎಲ್ಲಾದರೂ ಉಂಟೆ ಎಂದು ಅವರು ಹುಡುಕುತ್ತಿದ್ದರು. ಸಿಕ್ಕಿತು.

ಮಾರನೆಯ ದಿನ ಉತ್ಸವ ಸಮಿತಿಯ ಸಭೆ. ಅಧ್ಯಕ್ಷರು ಗಂಗಾಧರಯ್ಯ, ರೆವಿನ್ಯೂ ಇಲಾಖೆಯಿಂದ ನಿವೃತ್ತರಾದವರು, ದಪ್ಪ ಮೀಸೆ, ದಪ್ಪ ಕನ್ನಡಕ. ಯಾವ ಮಾತಿಗೂ "ರೂಲು ಏನು ಹೇಳುತ್ತೆ?" ಎಂದು ಕೇಳುವುದು ಅವರಿಗೆ ಅಭ್ಯಾಸ.

"ರೋಮು?" ಅವರು ಕನ್ನಡಕ ತೆಗೆದು ಕೈಯಲ್ಲಿ ಹಿಡಿದರು. "ಕನ್ನಡ ರಾಜ್ಯದ ಹಬ್ಬಕ್ಕೆ ರೋಮು ಯಾಕಮ್ಮ?"

"ಪುಲಿಕೇಶಿ ಸಿಗ್ಲಿಲ್ಲ ಸಾರ್" ಎಂದರು ಸೀತಾಲಕ್ಷ್ಮಿ.

ಸಭೆ ನಕ್ಕಿತು. ನಗು ನಿಂತ ಮೇಲೆ ಅವರು ಕಥೆ ಹೇಳಿದರು. ಎರಡು ಸಾವಿರ ವರ್ಷದ ಹಿಂದೆ ರೋಮಿನಲ್ಲಿ ಬಹಳ ಕಾಲ ಅಂತರ್ಯುದ್ಧ ನಡೆದಿತ್ತು. ಅದೆಲ್ಲ ಮುಗಿದ ಮೇಲೆ ಅಗಸ್ಟಸ್ ಎಂಬ ದೊರೆ, ಹಳೆಯ ಯುಗ ಮುಗಿಯಿತು, ಹೊಸ ಯುಗ ಹುಟ್ಟಿತು ಎಂದು ಸಾರಿ ಮೂರು ರಾತ್ರಿ ಮೂರು ಹಗಲು ಹಬ್ಬ ಮಾಡಿಸಿದ. ಒಬ್ಬ ಮನುಷ್ಯ ಬದುಕಬಹುದಾದ ಅತಿ ದೀರ್ಘ ಆಯುಷ್ಯ ಎಷ್ಟೋ ಅಷ್ಟು ಅವರಿಗೆ ಒಂದು ಯುಗ. ನೂರು, ನೂರ ಹತ್ತು ವರ್ಷ. ಆದ್ದರಿಂದ ಈ ಹಬ್ಬ ಒಬ್ಬರ ಜನ್ಮದಲ್ಲಿ ಒಂದೇ ಸಲ. ಬದುಕಿರುವವರು ಯಾರೂ ಹಿಂದೆ ಕಾಣದ, ಮುಂದೆಯೂ ಕಾಣದ ಹಬ್ಬಕ್ಕೆ ಬನ್ನಿ ಎಂದು ಬೀದಿ ಬೀದಿಯಲ್ಲಿ ಡಂಗುರ ಹೊಡೆಸುತ್ತಿದ್ದರು. ಪೂಜಾರಿಗಳು ಮನೆಮನೆಗೆ ಪಂಜು, ಗಂಧಕ, ರಾಳ ಹಂಚುತ್ತಿದ್ದರು. ಹೊಗೆ ಹಾಕಿ ಮನೆ ಶುದ್ಧಿ ಮಾಡಿಕೊಳ್ಳಲಿ ಎಂದು. ಜನ ಗೋಧಿ, ಬಾರ್ಲಿ, ಅವರೆಯಂಥ ಕಾಳು ತಂದು ಒಪ್ಪಿಸುತ್ತಿದ್ದರು. ರಾತ್ರಿ ಹೊತ್ತು ಹಣೆಬರಹ ಬರೆಯುವ ಅಕ್ಕತಂಗಿಯರಿಗೆ, ಹೆರಿಗೆ ಮಾಡಿಸುವ ದೇವತೆಗೆ, ಭೂಮಿತಾಯಿಗೆ ಪೂಜೆ. ಹಗಲು ಆಕಾಶದ ದೇವರುಗಳಿಗೆ. ಕೊನೆಯ ದಿನ ಇಪ್ಪತ್ತೇಳು ಹುಡುಗರು, ಇಪ್ಪತ್ತೇಳು ಹುಡುಗಿಯರು ಸೇರಿ ಸೂರ್ಯಚಂದ್ರರಿಗೆ ಹಾಡು ಹೇಳುತ್ತಿದ್ದರು. ಆಮೇಲೆ ನಾಟಕ, ರಥದ ಓಟ, ಕುದುರೆ ಸವಾರಿ.

"ಇಪ್ಪತ್ತೇಳೇ ಯಾಕೆ?" ಗಂಗಾಧರಯ್ಯ ಮುಂದಕ್ಕೆ ಬಾಗಿದರು.

"ಮೂರು ಒಂಬತ್ತಲ ಇಪ್ಪತ್ತೇಳು ಸಾರ್. ಅವರಿಗೆ ಮೂರು ಅಂದ್ರೆ ವಿಶೇಷ."

"ಅದಲ್ಲಮ್ಮ! ನಕ್ಷತ್ರ ಎಷ್ಟು? ಅಶ್ವಿನಿ, ಭರಣಿ, ಕೃತ್ತಿಕಾ... ಇಪ್ಪತ್ತೇಳು! ಇದು ಇಲ್ಲಿಂದಲೇ ಹೋಗಿರೋದು." ಅವರು ಮೇಜು ಕುಟ್ಟಿದರು. "ಮಾಡಿ. ಆದ್ರೆ ಪದ್ಧತಿಯಾಗಿ ಮಾಡ್ಬೇಕು. ಆ ಪುಸ್ತಕ ಸ್ವಲ್ಪ ನನಗೂ ಕೊಡಿ."

ಸಮಿತಿಯ ಇನ್ನೊಬ್ಬ ಸದಸ್ಯರು ಅಳುಕುತ್ತ ಕೇಳಿದರು: "ವರ್ಷಾವರ್ಷಾ ಮಾಡಬಹುದಾ ಇದನ್ನ?"

"ಒಂದು ಸಲ ಹಾಗೇ ಆಯ್ತು ಸಾರ್. ಕ್ಲಾಡಿಯಸ್ ಅಂತ ಇನ್ನೊಬ್ಬ ದೊರೆ, ಲೆಕ್ಕ ಬೇರೆ ಹಾಕಿ, ಅರವತ್ತ ಮೂರು ವರ್ಷಕ್ಕೇ ಹಬ್ಬ ಮಾಡಿದ. ಯಾರೂ ನೋಡಿಲ್ಲದ ಹಬ್ಬ ಅಂತ ಡಂಗುರ ಹೊಡೆದಾಗ ಹಳಬರೆಲ್ಲ ನಕ್ಕುಬಿಟ್ಟರಂತೆ. ಹಿಂದಿನ ಹಬ್ಬದಲ್ಲಿ ಕುಣಿದಿದ್ದ ಒಬ್ಬ ನಟ ಈ ಹಬ್ಬದಲ್ಲೂ ಕುಣಿದನಂತೆ."

"ಹಾಗಾದ್ರೆ ಒಂದೇ ಸಲ ಸಾಕು" ಎಂದು ಗಂಗಾಧರಯ್ಯ ಬರೆದುಕೊಂಡರು.

ಪುಸ್ತಕ ಅವರ ಮನೆಗೆ ಹೋದದ್ದೇ ತಡ, ಅವರು ಪೂರಾ ರೋಮಿನವರಾಗಿಬಿಟ್ಟರು. ಅಗಸ್ಟಸ್ ಪಾತ್ರ ಅವರಿಗೇ ಎಂದು ಯಾರೂ ಹೇಳಬೇಕಾಗಲಿಲ್ಲ. ಒಂಬತ್ತು ಮೊಳದ ಮಲ್ಲಿನ ಪಂಚೆಯನ್ನು ಹೇಗೆ ಸುತ್ತಿಕೊಂಡರೆ ರೋಮಿನ ಉಡುಪಾಗುತ್ತದೆ ಎಂದು ಕನ್ನಡಿಯ ಮುಂದೆ ನಿಂತು ಅಭ್ಯಾಸ ಮಾಡಿದರು. ಅವರ ಹೆಂಡತಿ ಬಾಗಿಲಲ್ಲಿ ನಿಂತು ನೋಡಿ, "ತರ್ಪಣಕ್ಕೆ ಹೊರಟ ಹಾಗಿದೆ" ಎಂದರಂತೆ. ರೋಮಿನಲ್ಲಿ ದೇವರಿಗೆ ಬಲಿ ಕೊಟ್ಟ ಕುರಿ, ಹೋರಿ, ಗಬ್ಬದ ಹಂದಿ ಇವನ್ನೆಲ್ಲ ಸಮಿತಿ ಒಂದೇ ನಿರ್ಣಯದಲ್ಲಿ ಕೈಬಿಟ್ಟಿತು. ಒಂದು ರಾತ್ರಿ ಬರೀ ಭಕ್ಷ್ಯಗಳನ್ನೇ ಅರ್ಪಿಸಿದರೆಂದು ಪುಸ್ತಕದಲ್ಲಿದ್ದುದರಿಂದ ಎಲ್ಲ ದೇವರಿಗೂ ಕಜ್ಜಾಯವೇ ಎಂದಾಯಿತು.

ಹುಡುಗಿಯರಿಗೆ ಬರವಿರಲಿಲ್ಲ. ಹುಡುಗರದೇ ಕಷ್ಟ. ಬಡಾವಣೆಯ ಹುಡುಗರು, ಬಟ್ಟೆ ಸುತ್ತಿಕೊಂಡು ಹುಡುಗಿಯರ ಪಕ್ಕದಲ್ಲಿ ನಿಂತು ಹಾಡು ಹೇಳುವುದಕ್ಕಿಂತ ಪರೀಕ್ಷೆಯೇ ವಾಸಿ ಎಂದು ಓಡಿಹೋದರು. ಆಗ ದಾರಿ ತೋರಿಸಿದವಳು ಮಂಗಮ್ಮ.

ಮಂಗಮ್ಮ ಬಡಾವಣೆಯ ಅಂಚಿನ ಹಳ್ಳಿ ಬೈರಸಂದ್ರದವಳು. ದಿನಾ ಬೆಳಿಗ್ಗೆ ಎಮ್ಮೆಯನ್ನು ಮನೆಯ ಮುಂದಕ್ಕೇ ಹೊಡೆದುಕೊಂಡು ಬಂದು ಹಾಲು ಕರೆದುಕೊಡುತ್ತಿದ್ದಳು. ಅವಳ ಗಂಡ ಬಾವಿ ತೋಡುವಾಗ ಮಣ್ಣು ಕುಸಿದು ಸತ್ತು ಆರು ವರ್ಷವಾಗಿತ್ತು. ಮಗಳು ಬೈರಮ್ಮನನ್ನು, ಊರವರೆಲ್ಲ ಏನೇ ಅಂದರೂ, ಸೀತಾಲಕ್ಷ್ಮಿಯವರ ಶಾಲೆಗೆ ಕಳಿಸುತ್ತಿದ್ದಳು. ಬೈರಮ್ಮನಿಗೆ ಹದಿಮೂರು ವರ್ಷ. ಕೆರೆಯ ಈಚೆ ದಡದಿಂದ ಆಚೆ ದಡದ ಎಮ್ಮೆಯನ್ನು ಕೂಗಿ ಕರೆದು ಬೆಳೆದ ಗಂಟಲು. ಅವಳು ಹಾಡಿದರೆ ಸ್ಟಾಫ್‌ರೂಮಿನಲ್ಲಿ ಟೀಚರುಗಳು ಹೆಣಿಗೆ ನಿಲ್ಲಿಸುತ್ತಿದ್ದರು.

"ಹುಡುಗ್ರು ತಾನೆ ಬೇಕು? ನಮ್ಮೂರಲ್ಲಿ ಬೇಕಾದಷ್ಟು ಅವ್ರೆ. ನಾನು ಕರ್ಕೊಂಡು ಬತ್ತೀನಿ ಬುಡಿ" ಎಂದಳು ಮಂಗಮ್ಮ. "ಆದ್ರೆ ಕಜ್ಜಾಯ ಕೊಡ್ತೀವಿ ಅಂತ ಮೊದ್ಲೇ ಯೋಳ್ಬೇಕು."

ಹೇಳಿದರು. ಇಪ್ಪತ್ತೇಳು ಜನ ಸಾಲದೆಂದು ನಲವತ್ತು ಹುಡುಗರು ಬಂದರು. ಯಡಿಯೂರು ಕೆರೆಯ ಹತ್ತಿರದ ಬಯಲಿನಲ್ಲಿ ಸಂಜೆ ಸಂಜೆ ತಾಲೀಮು ಶುರುವಾಯಿತು. ಹಾಡು ಸೀತಾಲಕ್ಷ್ಮಿಯವರೇ ಕಟ್ಟಿದ್ದು. ತುಂಗೆ, ಕೃಷ್ಣೆ, ಕಾವೇರಿ, ನೇತ್ರಾವತಿ ನದಿಗಳನ್ನೆಲ್ಲ ಒಂದೇ ಅಂಗಳಕ್ಕೆ ಕರೆದು, ಮೇಲಿನಿಂದ ಸೂರ್ಯಚಂದ್ರರು ನೋಡಲಿ ಎನ್ನುವ ಹಾಡು. ರಾಗ ಮಾತ್ರ ಅವರಿಗೆ ಹತ್ತಲಿಲ್ಲ. ಬೈರಮ್ಮ ಒಂದು ಸಂಜೆ ಮೂಗಿನಲ್ಲೇ ಗುನುಗುತ್ತಾ, ತನ್ನ ಅಜ್ಜಿ ಮದುವೆ ಮನೆಗಳಲ್ಲಿ ಹೇಳುತ್ತಿದ್ದ ಸೋಬಾನೆಯ ಧಾಟಿಗೆ ಆ ಸಾಲುಗಳನ್ನು ಕೂರಿಸಿಬಿಟ್ಟಳು. ಅದು ಎಷ್ಟು ಸಲೀಸಾಗಿ ಕೂತಿತೆಂದರೆ, ಹುಡುಗರು ಮನೆಗೆ ಹೋಗುವ ದಾರಿಯಲ್ಲೂ ಅದನ್ನೇ ಕೂಗಿಕೊಂಡು ಹೋದರು.

ದೀಪಾವಳಿಗೆ ಎರಡು ವಾರ ಇದೆ ಎನ್ನುವಾಗ, ತಾಲೀಮಿನ ನಡುವೆ ಗಂಗಾಧರಯ್ಯ ಪುಸ್ತಕ ಹಿಡಿದು ಬಂದರು. ಒಂದು ಪುಟಕ್ಕೆ ನವಿಲುಗರಿ ಇಟ್ಟಿದ್ದರು.

"ಒಂದು ರೂಲು ಬಿಟ್ಟುಹೋಗಿದೆ. ಕೇಳಿ ಮಕ್ಕಳೇ" ಎಂದು ಗಂಟಲು ಸರಿಮಾಡಿಕೊಂಡರು. "ಹಾಡೋ ಮಕ್ಕಳಿಗೆ ತಂದೆ ತಾಯಿ ಇಬ್ಬರೂ ಬದುಕಿರಬೇಕು. ಇಲ್ಲದೋರು ಪಕ್ಕಕ್ಕೆ ಬನ್ನಿ. ಬೇಜಾರು ಮಾಡ್ಕೋಬೇಡಿ, ಅವರಿಗೂ ಕಜ್ಜಾಯ ಉಂಟು."

ಅವರ ದನಿಯಲ್ಲಿ ಯಾವ ಕೆಟ್ಟತನವೂ ಇರಲಿಲ್ಲ. ರೂಲು ಓದಿದರು, ಅಷ್ಟೆ. ಹುಡುಗರ ಸಾಲಿನಿಂದ ಮೂವರು ಹೊರಗೆ ಬಂದರು. ಹುಡುಗಿಯರ ಸಾಲಿನ ಮೊದಲಿಗೆ ನಿಂತಿದ್ದ ಬೈರಮ್ಮ ಲಂಗ ಸರಿಮಾಡಿಕೊಂಡು, ಯಾರ ಮುಖವನ್ನೂ ನೋಡದೆ, ಬಯಲಿನ ಅಂಚಿನ ಹೊಂಗೆ ಮರದ ಕೆಳಗೆ ಹೋಗಿ ಕೂತಳು.

ಸೀತಾಲಕ್ಷ್ಮಿ ಅವಳು ಹೋಗುವುದನ್ನೇ ನೋಡಿದರು. ಆ ನಡಿಗೆ ಅವರಿಗೆ ಗೊತ್ತಿತ್ತು. ತಾವೇ ಹತ್ತೊಂಬತ್ತು ವರ್ಷದಿಂದ ನಡೆಯುತ್ತಿದ್ದ ನಡಿಗೆ ಅದು.

"ಸಾರ್" ಎಂದರು. "ಹಂದಿ ಬಿಟ್ಟೆವಲ್ಲ?"

"ಏನು?"

"ಭೂಮಿತಾಯಿಗೆ ಗಬ್ಬದ ಹಂದಿ ಕಡೀಬೇಕು ಅಂತ ಅದೇ ಪುಸ್ತಕದಲ್ಲಿದೆ. ಬಿಟ್ಟೆವು. ಅವರ ದೇವರಾಜನಿಗೆ ಬಿಳಿ ಹೋರಿ. ಅದನ್ನೂ ಬಿಟ್ಟೆವು. ಮೂರು ರಾತ್ರಿಯ ಪೂಜೆ, ಮಕ್ಕಳಿಗೆ ನಿದ್ದೆ ಬರುತ್ತೆ ಅಂತ ಸಂಜೆಗೆ ತಂದೆವು. ಇಷ್ಟೆಲ್ಲ ಬಿಟ್ಟ ಮೇಲೆ ಇದೊಂದು ಯಾಕೆ ಸಾರ್ ಹಿಡ್ಕೋಬೇಕು?"

"ಅದು ಹಿಂಸೆ ಅಂತ ಬಿಟ್ವಮ್ಮ."

"ಇದು?"

ಗಂಗಾಧರಯ್ಯ ಪುಸ್ತಕ ನೋಡಿದರು. ಮರದ ಕೆಳಗೆ ನೋಡಿದರು. ಬೈರಮ್ಮ ಮಣ್ಣಿನಲ್ಲಿ ಕಡ್ಡಿಯಿಂದ ಏನೋ ಗೀಚುತ್ತಿದ್ದಳು. ಪಕ್ಕದಲ್ಲಿ ಆ ಮೂವರು ಹುಡುಗರು ಸುಮ್ಮನೆ ನಿಂತಿದ್ದರು. ಅವರು ನವಿಲುಗರಿಯನ್ನು ಆ ಪುಟದಿಂದ ತೆಗೆದು ಜೇಬಿಗೆ ಹಾಕಿಕೊಂಡು, ಮರದವರೆಗೆ ತಾವೇ ನಡೆದುಹೋದರು.

"ಏಳಮ್ಮ ಬೈರಮ್ಮ. ನಾನು ತಪ್ಪು ಓದಿದೆ."

"ತಪ್ಪು ಓದ್ಲಿಲ್ಲ ಸಾರ್, ಸರಿಯಾಗೇ ಓದಿದ್ರಿ" ಎಂದಳು ಬೈರಮ್ಮ.

"ಹಾಗಾದ್ರೆ ರೂಲೇ ತಪ್ಪು. ಏಳು."

ರೆವಿನ್ಯೂ ಇಲಾಖೆಯಲ್ಲಿ ಮೂವತ್ತು ವರ್ಷ ಇದ್ದ ಮನುಷ್ಯನ ಬಾಯಿಂದ ಈ ಮಾತು ಬಂದದ್ದನ್ನು ಕೇಳಿ ಸಮಿತಿಯ ಕಾರ್ಯದರ್ಶಿಗೆ ಆಶ್ಚರ್ಯವಾಯಿತು. ಬೈರಮ್ಮ ಎದ್ದು ಬಂದು ಮೊದಲಿನ ಜಾಗದಲ್ಲೇ ನಿಂತಳು. ಆ ಸಂಜೆ ಹಾಡು ಕೆರೆಯ ಆಚೆಗೂ ಕೇಳಿತು. ಎರಡು ಎಮ್ಮೆ ತಾವೇ ಎದ್ದು ಈಚೆಗೆ ಬಂದವು.

ಪುಸ್ತಕವನ್ನು ಸೀತಾಲಕ್ಷ್ಮಿ ವಾಪಸು ಪಡೆದು ಮನೆಗೆ ತಂದರು. ಬೇರೆ ಇನ್ನೇನು ರೂಲು ಅಡಗಿದೆಯೋ ನೋಡಿಬಿಡೋಣ ಎಂದು ಅಡಿಟಿಪ್ಪಣಿಗಳನ್ನೂ ಬಿಡದೆ ಓದಿದರು. ಆಗ ಕಣ್ಣಿಗೆ ಬಿದ್ದದ್ದು ಎರಡು ಆಜ್ಞೆಗಳು. ಒಂದು, ಮದುವೆಯಾಗದವರನ್ನು ಉತ್ಸವಗಳಿಂದ ದೂರವಿಡುವ ಕಾನೂನು ಆಗ ರೋಮಿನಲ್ಲಿತ್ತು. ಈ ಹಬ್ಬ ಮತ್ತೆ ಬರುವುದಿಲ್ಲವಾದ್ದರಿಂದ ಅವರೂ ಬಂದು ನೋಡಲಿ ಎಂದು ಸಡಿಲ ಮಾಡಿದ್ದರು. ಇನ್ನೊಂದು, ಶೋಕದಲ್ಲಿರುವ ಹೆಂಗಸರು ಈ ಹಬ್ಬಕ್ಕಾಗಿ ಶೋಕವನ್ನು ಕಡಿಮೆ ಮಾಡಿಕೊಳ್ಳಬೇಕು ಎಂದು.

ಆ ಎರಡನೆಯ ವಾಕ್ಯವನ್ನು ಅವರು ಮತ್ತೆ ಮತ್ತೆ ಓದಿದರು. ತಮ್ಮನ ಹೆಂಡತಿ ಪಂಕಜಾ ಹಾಲಿನ ಲೋಟ ಇಡಲು ಬಂದವಳು, "ಏನು ಅತ್ತಿಗೆ, ನಗ್ತಿದೀರಾ?" ಎಂದಳು.

"ಅವರು ಎಷ್ಟು ದಿನ ಅಂತ ಹೇಳಿಲ್ಲ ಕಣೆ" ಎಂದರು ಸೀತಾಲಕ್ಷ್ಮಿ. "ಶೋಕ ಕಡಿಮೆ ಮಾಡಿ ಅಂದಿದಾರೆ. ಹಬ್ಬ ಆದ ಮೇಲೆ ಮತ್ತೆ ಜಾಸ್ತಿ ಮಾಡ್ಕೊಳ್ಳಿ ಅಂತ ಎಲ್ಲೂ ಇಲ್ಲ."

ಪಂಕಜಾ ವಾಕ್ಯವನ್ನು ತಾನೂ ಓದಿ, ಒಳಗೆ ಹೋದಳು.

ರಾಜ್ಯೋದಯದ ಸರ್ಕಾರಿ ಸಮಾರಂಭ ಊರ ನಡುವೆ ನಡೆಯಿತು. ಆ ವರ್ಷ ದೀಪಾವಳಿಯೂ ಅದೇ ದಿನಗಳಲ್ಲೇ ಬಂದಿತ್ತು. ಬಡಾವಣೆಯ ಉತ್ಸವ ಅದರ ಮುಂದಿನ ಭಾನುವಾರ. ಬೆಳಿಗ್ಗೆಯೇ ಬೈರಸಂದ್ರದ ತಮಟೆಯವರು ಜಯನಗರದ ರಸ್ತೆ ರಸ್ತೆ ಸುತ್ತಿದರು. ಮುಂದೆ ನಡೆದು ಸಾರುವ ಕೆಲಸ ಸೋಮಲಿಂಗಪ್ಪನದು. ಬಸ್ ಕಂಡಕ್ಟರ್, ಗಂಟಲಿಗೆ ಹೆಸರಾದವನು. "ಬನ್ರಪ್ಪೋ ಬನ್ನಿ! ನಿಮ್ಮಜ್ಜ ನೋಡಿಲ್ಲ, ನಿಮ್ಮ ಮರಿಮಗ ನೋಡಲ್ಲ, ಅಂಥ ಹಬ್ಬ! ಬಯಲಿಗೆ ಬನ್ನಿ, ಒಳಗೆ ನಡೀರಿ, ಮುಂದೆ ಜಾಗ ಇದೆ!" ಎಂದು ಅಭ್ಯಾಸಬಲದಿಂದ ಬಸ್ಸಿನ ಮಾತನ್ನೂ ಸೇರಿಸಿ ಕೂಗಿದ. ಮನೆಮನೆಗೂ ಒಂದು ಪುಟ್ಟ ಪಂಜು, ಒಂದು ಹಿಡಿ ಸಾಂಬ್ರಾಣಿ ಹಂಚಿದರು. ಗಂಧಕದ ವಾಸನೆ ಹುಡುಗರ ಪಟಾಕಿಯಿಂದ ಧಾರಾಳವಾಗಿ ಬರುತ್ತಿತ್ತು.

ಮಧ್ಯಾಹ್ನಕ್ಕೆ ಬಯಲು ತುಂಬಿತು. ಹೊಸ ಮನೆಗಳವರು ಒಂದು ಕಡೆ, ಹಳೆಯ ಹಳ್ಳಿಗಳವರು ಇನ್ನೊಂದು ಕಡೆ ಕೂತಿದ್ದವರು, ಕಾಳು ಒಪ್ಪಿಸಲು ಎದ್ದಾಗ ಕಲೆತುಹೋದರು. ರಾಗಿ, ಹುರುಳಿ, ಎಳೆ ಅವರೆಕಾಯಿ ರಾಶಿ ಬಿದ್ದವು. ನಡುವೆ ರಥದ ಓಟ. ರಥಗಳೆಂದರೆ ಎರಡು ಜಟಕಾ. ಒಂದರ ಕುದುರೆ ಓಡಿತು. ಸೀನು ಎಂಬುವನ ಕುದುರೆ ಮಾತ್ರ ನಾಲ್ಕು ಹೆಜ್ಜೆ ಹೋಗಿ, ಯಾವಾಗಲೂ ಸವಾರಿ ಇಳಿಸುವ ತಿರುವಿನಲ್ಲಿ ತಾನಾಗಿ ನಿಂತುಬಿಟ್ಟಿತು. ಸೀನು ಬೈದ, ಬೇಡಿದ, ಇಳಿದು ತಳ್ಳಿದ. ಅಗಸ್ಟಸ್ ಗಂಗಾಧರಯ್ಯ ಗೆದ್ದವನಿಗೆ ತೊಡಿಸಲೆಂದು ಅರಳಿ ಎಲೆಯ ಕಿರೀಟ ಹಿಡಿದು ಗಂಭೀರವಾಗಿ ನಡೆದುಬರುತ್ತಿದ್ದರು. ಸೋತ ಕುದುರೆ ಕತ್ತು ಚಾಚಿ ಕಿರೀಟವನ್ನು ಅರ್ಧ ತಿಂದುಹಾಕಿತು. ಬಯಲು ಬಯಲೇ ನಕ್ಕು ಹೊರಳಾಡಿತು. ಗಂಗಾಧರಯ್ಯ ಮೊದಲು ಸಿಟ್ಟಾಗಿ, ಆಮೇಲೆ ಪಂಚೆ ಜಾರುವಷ್ಟು ನಕ್ಕರು.

ಸೂರ್ಯ ಇಳಿಯುತ್ತಿದ್ದಾಗ ಹೆಂಗಸರ ಊಟ. ರೋಮಿನಲ್ಲಿ ಗೃಹಿಣಿಯರು ಎರಡು ದೇವತೆಗಳಿಗೆ ಕುರ್ಚಿ ಹಾಕಿ, ಅವರೊಂದಿಗೆ ತಾವೂ ಕೂತು ಉಣ್ಣುತ್ತಿದ್ದರಂತೆ. ಇಲ್ಲಿ ಎರಡು ಮರದ ಕುರ್ಚಿಗೆ ಹೂ ಮುಡಿಸಿ ಇಟ್ಟಿದ್ದರು. ಸುತ್ತ ಜಮಖಾನ, ಅದರ ಮೇಲೆ ರೇಷ್ಮೆ ಸೀರೆಯುಟ್ಟ ಸುಮಂಗಲಿಯರು ಎಲೆ ಹಾಕಿಸಿಕೊಂಡು ಕೂತಿದ್ದರು. ಸೀತಾಲಕ್ಷ್ಮಿ ಬೂದಿ ಬಣ್ಣದ ಸೀರೆಯಲ್ಲಿ, ಪಕ್ಕದಲ್ಲಿ ಮೈಕಿನ ಮುಂದೆ ನಿಂತು ಪ್ರಸಂಗ ವಿವರಿಸುತ್ತಿದ್ದರು. ಜಮಖಾನದಿಂದ ದೂರದಲ್ಲಿ, ಎಮ್ಮೆ ಕಟ್ಟುವ ಗೂಟಗಳ ಹತ್ತಿರ, ಮಂಗಮ್ಮ ಇನ್ನೂ ನಾಲ್ಕಾರು ಹಳ್ಳಿಯ ವಿಧವೆಯರ ಜೊತೆ ನಿಂತಿದ್ದಳು.

ಸೀತಾಲಕ್ಷ್ಮಿ ಕಾಗದ ತಿರುವಿದರು. ಮುಂದಿನ ಸಾಲು ಅವರೇ ಬರೆದದ್ದು. ಓದದೆ ದಾಟಿಸಬಹುದಿತ್ತು, ಯಾರಿಗೂ ತಿಳಿಯುತ್ತಿರಲಿಲ್ಲ. ಆದರೂ ಓದಿದರು.

"ಇದು ಒಂದು ಜನ್ಮದಲ್ಲಿ ಒಂದೇ ಸಲ ಬರುವ ಹಬ್ಬ. ಆದ್ದರಿಂದ ಹಿರಿಯರ ಸಭೆಯ ಅಪ್ಪಣೆ ಏನೆಂದರೆ, ಶೋಕದಲ್ಲಿರುವ ಹೆಂಗಸರು ಶೋಕ ಬಿಟ್ಟು ಬರಬೇಕು. ಅವರನ್ನೂ ಊಟಕ್ಕೆ ಕರೆದಿದೆ."

ಅದು ನಾಟಕದ ಮಾತೆಂದು ಎಲ್ಲರೂ ತಿಳಿದಿದ್ದರು. ಮಂಗಮ್ಮ ಮಾತ್ರ ಹಾಗೆ ತಿಳಿಯಲಿಲ್ಲ. ಸೆರಗು ಬಿಗಿದುಕೊಂಡು, ಜೊತೆಗಿದ್ದವರನ್ನು "ಬನ್ರೇ, ಕರೀತಾವ್ರೆ" ಎಂದು ಕೈಹಿಡಿದು ಎಳೆದುಕೊಂಡು, ಸೀದಾ ಬಂದು ಜಮಖಾನದ ಮೇಲೆ ಕೂತುಬಿಟ್ಟಳು.

ಸುಮಂಗಲಿಯರಲ್ಲಿ ಇಬ್ಬರು ಒಬ್ಬರ ಮುಖ ಒಬ್ಬರು ನೋಡಿಕೊಂಡರು. ಒಬ್ಬಾಕೆ ಸ್ವಲ್ಪ ಸರಿದರು. ಅದು ದೂರ ಹೋಗಲೋ ಜಾಗ ಕೊಡಲೋ ಎಂದು ಗೊತ್ತಾಗಲಿಲ್ಲ. ಗಂಗಾಧರಯ್ಯ ಅಗಸ್ಟಸ್‌ನ ಪಂಚೆ ಹಿಡಿದುಕೊಂಡು ಎದ್ದು ನಿಂತರು.

"ಪುಸ್ತಕದಲ್ಲಿದೆಯಾ ಅದು?" ಎಂದು ಮೆಲ್ಲಗೆ ಕೇಳಿದರು.

"ಇದೆ ಸಾರ್. ನೀವು ಗರಿ ಇಟ್ಟಿದ್ದ ಪುಟದ ಹಿಂದೇನೇ ಇದೆ."

"ಹಾಗಾದ್ರೆ ಎಲೆ ಹಾಕ್ರಯ್ಯಾ! ಏನು ನೋಡ್ತಾ ನಿಂತಿದೀರಿ?" ಎಂದು ಬಡಿಸುವವರ ಮೇಲೆ ಗದರಿದರು.

ಎಲೆ ಬಿತ್ತು. ಕಜ್ಜಾಯ ಬಿತ್ತು. ಮಂಗಮ್ಮ ಒಂದು ಕೈಯಲ್ಲಿ ಎಲೆ ಸರಿಮಾಡಿಕೊಳ್ಳುತ್ತ, ಮೈಕಿನ ಕಡೆ ನೋಡಿ ಕೂಗಿದಳು: "ಟೀಚರಮ್ಮ, ಕರೆದೋರು ನೀವೇ. ನೀವ್ಯಾಕೆ ಅಲ್ಲೇ ನಿಂತಿದೀರ?"

ಮಂಗಮ್ಮನ ಗಂಟಲಿಗೆ ಮೈಕು ಬೇಕಿರಲಿಲ್ಲ; ಬಯಲಿಗೆಲ್ಲ ಕೇಳಿಸಿತು. ಸೀತಾಲಕ್ಷ್ಮಿ ಜಾರಿಕೊಳ್ಳಲು ದಾರಿಯಿದೆಯೇ ಎಂದು ಸುತ್ತ ನೋಡಿದರು. ಕಾಫಿ ನೋಡಿಕೊಳ್ಳಲು ಅಲ್ಲಿ ಅಡುಗೆಮನೆಯೂ ಇರಲಿಲ್ಲ. ಬೈರಮ್ಮನಿಗಾಗಿ ವಾದ ಮಾಡಿದಾಗ ಬಂದ ಮಾತು ತಮಗಾಗಿ ಬರಲಿಲ್ಲ. ಹಾಗೇ ಕಾಗದ ಹಿಡಿದು ನಿಂತಿದ್ದಾಗ ಪಂಕಜಾ ಜಮಖಾನದಿಂದ ಎದ್ದು ಬಂದಳು. ಅವಳ ಕೈಯಲ್ಲಿ ಒಂದು ಚೀಲವಿತ್ತು. ಅದರೊಳಗಿಂದ ಮಾವಿನ ಎಲೆಯ ಬಣ್ಣದ, ಕೆಂಪು ಅಂಚಿನ ಶಾಲು ತೆಗೆದು, ಅತ್ತಿಗೆಯ ಹೆಗಲ ಮೇಲೆ ಹೊದಿಸಿದಳು.

"ಆ ಸಾಲು ಓದಿದ ಮಾರನೆ ದಿನವೇ ತಂದಿಟ್ಟಿದ್ದೆ. ಕೊಡೋಕೆ ಧೈರ್ಯ ಬರ್ಲಿಲ್ಲ" ಎಂದಳು. "ಬನ್ನಿ ಅತ್ತಿಗೆ. ಕಜ್ಜಾಯ ಆರಿಹೋಗುತ್ತೆ."

ಗಂಡಸರ ಸಾಲಿನಲ್ಲಿ ಅನಂತಪದ್ಮನಾಭ ತಲೆ ತಗ್ಗಿಸಿ ಕೂತಿದ್ದವನು ಕರವಸ್ತ್ರದಿಂದ ಕನ್ನಡಕ ಒರೆಸಿದ. ಆಮೇಲೆ ಎಲ್ಲರಿಗಿಂತ ಮೊದಲು ಚಪ್ಪಾಳೆ ತಟ್ಟಿದ. ಸೀತಾಲಕ್ಷ್ಮಿ ಹೋಗಿ ಮಂಗಮ್ಮನ ಪಕ್ಕದಲ್ಲಿ ಕೂತರು. ಎದುರಿಗಿದ್ದ ಗಂಗಾಧರಯ್ಯನವರ ಹೆಂಡತಿ, ತಮ್ಮ ಮುಡಿಯ ಸೇವಂತಿಗೆ ಮಾಲೆಯನ್ನು ಹರಿದು, ಇಬ್ಬರಿಗೂ ಒಂದೊಂದು ತುಂಡು ಕೊಟ್ಟರು.

"ಏನಾದ್ರೂ ಅಂತಾರೆ ಅಂತ ಭಯ ಆಗ್ತಿದೆ ಮಂಗಮ್ಮ" ಎಂದರು ಸೀತಾಲಕ್ಷ್ಮಿ ಪಿಸುದನಿಯಲ್ಲಿ.

"ಅಂದ್ರೆ ಅನ್ಲಿ ಬುಡಿ. ತುಪ್ಪ ಹಾಕುಸ್ಕೊಳ್ಳಿ" ಎಂದಳು ಮಂಗಮ್ಮ.

ಪಂಜುಗಳು ಹೊತ್ತಿದವು. ಮಕ್ಕಳು ಬಿಳಿ ಬಟ್ಟೆಯಲ್ಲಿ ಕೆರೆಯ ಏರಿಯ ಮೇಲೆ ಸಾಲಾಗಿ ನಿಂತು ಹಾಡಿದರು. ಇಪ್ಪತ್ತೇಳೋ ನಲವತ್ತೋ ಯಾರೂ ಎಣಿಸಲಿಲ್ಲ. ಬೈರಮ್ಮನ ದನಿ ಎಲ್ಲರ ಮುಂದೆ ಹೋಗುತ್ತಿತ್ತು, ಉಳಿದವು ಅದರ ಹಿಂದೆ. ಸೋಬಾನೆಯ ಧಾಟಿ ಗೊತ್ತಿದ್ದ ಹಳ್ಳಿಯ ಮುದುಕಿಯರು ಎರಡನೆಯ ಸಲಕ್ಕೆ ತಾವೂ ಸೇರಿಕೊಂಡರು. ಮೂರನೆಯ ಸಲಕ್ಕೆ ಹೊಸ ಮನೆಗಳವರಿಗೂ ಬಾಯಿಗೆ ಬಂತು.

ಸೋಮವಾರ ಬೆಳಿಗ್ಗೆ ಸೀತಾಲಕ್ಷ್ಮಿ ಬೂದಿ ಸೀರೆಯ ಮೇಲೆ ಆ ಹಸಿರು ಶಾಲು ಹೊದ್ದು ಶಾಲೆಗೆ ಹೋದರು. ಚಳಿ ಅಷ್ಟೇನೂ ಇರಲಿಲ್ಲ. ಹೆಡ್‌ಮಿಸ್ಟ್ರೆಸ್ ಮೇಲಿಂದ ಕೆಳಗೆ ನೋಡಿ, "ಬಣ್ಣ ಒಪ್ಪುತ್ತೆ" ಎಂದು ಹಾಜರಿ ಪುಸ್ತಕ ಮುಂದಕ್ಕೆ ತಳ್ಳಿದರು. ಬೀದಿಯಲ್ಲಿ ಒಂದೆರಡು ಮನೆಯವರು ಸ್ವಲ್ಪ ಕಾಲ ಮಾತು ಕಡಿಮೆ ಮಾಡಿದರು. ಮುಂದಿನ ಯುಗಾದಿಗೆ ಅನಂತಪದ್ಮನಾಭ, ಹೆಂಡತಿಗೆ ಒಂದು ಅಕ್ಕನಿಗೆ ಒಂದು ಎಂದು ಎರಡು ಒಂದೇ ಥರದ ನೀಲಿ ಸೀರೆ ತಂದ. ಅಕ್ಕ ತಂಗಿಯರ ಹಾಗೆ ಕಾಣುತ್ತೀರಿ ಎಂದು ಯಾರೋ ಅಂದದ್ದಕ್ಕೆ, ಇಬ್ಬರಲ್ಲಿ ಅಕ್ಕ ಯಾರು ಎಂದು ಪಂಕಜಾ ವಾರವೆಲ್ಲ ಚರ್ಚೆ ಮಾಡಿದಳು.

ಬೈರಮ್ಮ ಎಸ್.ಎಸ್.ಎಲ್.ಸಿ. ಪಾಸಾದಳು. ಆ ಗಂಟಲಿಗೆ ತಕ್ಕ ಕೆಲಸ ಎಲ್ಲಿ ಎಂದು ಸೀತಾಲಕ್ಷ್ಮಿ ಅಲೆದಾಡಿ, ಟೆಲಿಫೋನ್ ಎಕ್ಸ್‌ಚೇಂಜಿನ ಪರೀಕ್ಷೆಗೆ ಕೂರಿಸಿದರು. ಅರವತ್ತೆರಡರಲ್ಲಿ ಅವಳು ಆಪರೇಟರ್ ಆದಳು. "ಅಷ್ಟು ಜೋರಾಗಿ ಮಾತಾಡ್ಬೇಡಮ್ಮ, ತಂತಿ ಇದೆ" ಎಂದು ಮೊದಲ ತಿಂಗಳೆಲ್ಲ ಅಲ್ಲಿಯವರು ಹೇಳಬೇಕಾಯಿತಂತೆ.

ಅರವತ್ತೈದರಲ್ಲಿ ಉತ್ತರಹಳ್ಳಿಯ ಕಡೆಯ ಹುಡುಗನೊಂದಿಗೆ ಅವಳ ಮದುವೆ. ಅಪ್ಪ ಇಲ್ಲದ ಹೆಣ್ಣು, ಧಾರೆಗೆ ಯಾರು ಕೂರಬೇಕು ಎಂದು ನೆಂಟರು ಚಪ್ಪರದಡಿ ಗುಸುಗುಸು ಮಾಡುತ್ತಿದ್ದರು. ದೂರದ ಚಿಕ್ಕಪ್ಪನೊಬ್ಬ ಸಿದ್ಧನಾಗಿ ಶಲ್ಯ ಹೊದ್ದು ಬಂದಿದ್ದ. ಮಂಗಮ್ಮ ಯಾರನ್ನೂ ಕೇಳದೆ ತಾನೇ ಮಣೆಯ ಮೇಲೆ ಕೂತು, ಇನ್ನೊಂದು ಮಣೆಯನ್ನು ಕೈಯಿಂದ ತಟ್ಟಿದಳು.

"ಬನ್ನಿ ಟೀಚರಮ್ಮ. ಹೆತ್ತೋಳು ನಾನು, ಓದ್ಸಿದೋರು ನೀವು. ಇಬ್ರೂ ಧಾರೆ ಹುಯ್ಯಾನ."

ಪುರೋಹಿತರು ಕತ್ತೆತ್ತಿ ನೋಡಿದರು. ಮುಂದಿನ ಸಾಲಿನಲ್ಲಿ, ಎಂಬತ್ತಕ್ಕೆ ಹತ್ತಿರವಾದ ಗಂಗಾಧರಯ್ಯ ಕೋಲೂರಿಕೊಂಡು ಕೂತಿದ್ದರು. ಅವರು ಏನಾದರೂ ರೂಲು ಹೇಳುತ್ತಾರೇನೋ ಎಂದು ಕೆಲವರು ಅವರ ಮುಖವನ್ನೇ ನೋಡಿದರು.

"ಮುಹೂರ್ತ ಮೀರ್ತಾ ಇದೆ, ಬೇಗ ಆಗ್ಲಿ" ಎಂದರು ಅವರು.

ಸೀತಾಲಕ್ಷ್ಮಿ ಅವತ್ತು ಅರಿಶಿನ ಬಣ್ಣದ ಸೀರೆ ಉಟ್ಟಿದ್ದರು. ಎದ್ದು ಹೋಗಿ ಮಣೆಯ ಮೇಲೆ ಕೂತರು. ಇಬ್ಬರು ಹೆಂಗಸರೂ ಒಂದೇ ಚೆಂಬು ಹಿಡಿದು ನೀರು ಬಿಟ್ಟರು. ಹಾಲು ಮಾರುವ ಕೈ ಗಟ್ಟಿಯಾಗಿತ್ತು, ಸೀಮೆಸುಣ್ಣದ ಕೈ ಸ್ವಲ್ಪ ಅಲುಗಿತು. ಒಂದಷ್ಟು ನೀರು ಮದುಮಗನ ಹೊಸ ಪಂಚೆಯ ಮೇಲೆ ಬಿತ್ತು. ಬೈರಮ್ಮ ಬಾಸಿಂಗ ಅಲ್ಲಾಡುವಂತೆ ನಕ್ಕಳು. ಓಲಗದವರು ಜೋರಾಗಿ ಊದಿದರು, ಊಟಕ್ಕೆ ಎಲೆ ಹಾಕಲು ಹುಡುಗರು ಚಾಪೆ ಎಳೆಯುತ್ತ ಓಡಿದರು.